ಬೆಟ್ಟ ಅಗೆಯದೆ ಇಲಿ ಹಿಡಿದ ಐದು ದಿನ

ಮೊದಲನೇ ದಿನ

ಅಕ್ಕ ಫೋನಲ್ಲಿ "ಐದು ದಿನ ರಜಾ ಹಾಕ್ಕೊಂಡು ಬಾರೋ, ಕಾಡಲ್ಲಿ ಸುತ್ತೋಣ" ಅಂದಾಗ ನಾನು ಜಿಂಕೆನೋ ನರಿನೋ ಏನಾದ್ರೂ ಕಾಣ್ಸುತ್ತೆ ಅಂತ ಬೈನಾಕ್ಯುಲರ್ ಎಲ್ಲಾ ಹೊತ್ಕೊಂಡು ಹೋದೆ. ಹೋಗಿ ನೋಡಿದ್ರೆ ಕಾರಿನ ಡಿಕ್ಕಿ ತುಂಬ ಅಲ್ಯೂಮಿನಿಯಂ ಡಬ್ಬ. ಎಣಿಸಿದ್ರೆ 40. ಎಲ್ಲಾ ಇಲಿ ಬೋನು. "ಇಲಿ ನೋಡೋಕಾ ಇಷ್ಟು ದೂರ ಕರೆಸಿದ್ದು ನೀನು" ಅಂತ ರೇಗಿದೆ, ಅವಳು ಒಂದು ಚೀಲ ಒಣಹುಲ್ಲು ನನ್ನ ಕೈಗೆ ತುರುಕಿ "ಮೊದ್ಲು ಇದನ್ನ ಹಿಡ್ಕೋ" ಅಂದ್ಲು ಅಷ್ಟೇ.

ಜಾಗ ದಕ್ಷಿಣ ಇಂಗ್ಲೆಂಡಿನ ಒಂದು ಓಕ್ ಕಾಡು, ಅದರಂಚಲ್ಲಿ ಹೇಜಲ್ ಪೊದೆ, ಆಚೆಗೆ ಯಾರೂ ಕತ್ತರಿಸದ ಒರಟು ಹುಲ್ಲುಗಾವಲು. ಹೆಸರು ಬರೆಯಲ್ಲ, ಯಾಕಂದ್ರೆ ಅಲ್ಲಿ ಡಾರ್‌ಮೌಸ್ ಅನ್ನೋ ಬಂಗಾರದ ಬಣ್ಣದ ಪುಟ್ಟ ಪ್ರಾಣಿಗಳಿವೆ, ಜನ ನೋಡೋಕೆ ಮುಗಿಬೀಳ್ತಾರೆ. ಅಕ್ಕ ಮಾಡೋ ಕೆಲಸಾನೇ ಇದು, ಸಣ್ಣ ಪ್ರಾಣಿಗಳ ಸರ್ವೆ. ಜೊತೆಗೆ ಒಬ್ಬರು ರಿಟೈರ್ಡ್ ಮೇಷ್ಟ್ರು ವಾಲಂಟಿಯರ್ ಆಗಿ ಬರ್ತಾರೆ, ಅವರನ್ನ ನಾನೂ ಅಕ್ಕನೂ ನಮ್ಮೊಳಗೆ ತಾತ ಅಂತ ಕರೀತಿದ್ವಿ, ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ.

ಬೋನಿನ ಹೆಸರು ಲಾಂಗ್‌ವರ್ತ್. ಚಿಟ್ಟಿ ಮತ್ತು ಕೆಂಪ್‌ಸನ್ ಅನ್ನೋ ಇಬ್ಬರು 1949ರಲ್ಲಿ ಇದರ ಡಿಸೈನ್ ಪ್ರಕಟಿಸಿದ್ದು, ಇವತ್ತಿಗೂ ಹೆಚ್ಚುಕಮ್ಮಿ ಅದೇ. ಎರಡೇ ಭಾಗ, ಒಂದು ಸುರಂಗ, ಅದರ ಹಿಂದೆ ಒಂದು ಗೂಡಿನ ಡಬ್ಬ. ಇಲಿ ಸುರಂಗದೊಳಗೆ ಬಂದು ಕೊನೇಲಿರೋ ತಂತಿ ತುಳಿದ್ರೆ ಹಿಂದೆ ಬಾಗಿಲು ಬೀಳುತ್ತೆ, ಅದು ಒಳಗೆ ಹೋಗಿ ಹುಲ್ಲಿನ ಹಾಸಿಗೇಲಿ ಬೆಚ್ಚಗೆ ಮಲಗುತ್ತೆ, ಬೆಳಗ್ಗೆ ನಾವು ಹೋಗಿ ಎಬ್ಬಿಸಬೇಕು. ಸಾಯಿಸೋ ಬೋನಲ್ಲ. ಒಳಗೆ ಓಟ್ಸ್, ನೀರಿನ ಬದಲಿಗೆ ಒಂದು ತುಂಡು ಕ್ಯಾರೆಟ್, ಮತ್ತೆ ಒಂದು ಚಮಚ ನೊಣದ ಕೋಶ. ಹೌದು, ನೊಣದ ಪ್ಯೂಪಾ. ಅದು ಇಲಿಗಲ್ಲ, ತಪ್ಪಿ ಒಳಗೆ ಬರೋ ಶ್ರೂಗೆ, ನಾವು ಮೂಗಿಲಿ ಅಂತೀವಲ್ಲ ಆ ಜಾತಿ. ಮೂಗಿಲಿ ಹೆಸರಿಗೆ ಮಾತ್ರ ಇಲಿ, ಇಲಿ, ಅಳಿಲು ಸೇರೋ ದಂಶಕ ವರ್ಗಕ್ಕೆ ಸೇರಿದ್ದೇ ಅಲ್ಲ, ಹುಳ ಹುಪ್ಪಟೆ ತಿನ್ನೋದು, ದಿನಕ್ಕೆ ಹೆಚ್ಚುಕಮ್ಮಿ ತನ್ನ ಮೈತೂಕದಷ್ಟೇ ತಿನ್ನುತ್ತೆ, ಕೆಲವೇ ಗಂಟೆ ಹೊಟ್ಟೆಗಿಲ್ಲ ಅಂದ್ರೆ ಸತ್ತೇ ಹೋಗುತ್ತೆ. ಅಲ್ಲಿ ಮೂಗಿಲಿಗೆ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಲೈಸೆನ್ಸ್ ಇಲ್ಲದೆ ಬೋನಲ್ಲಿ ಹಿಡಿಯೋ ಹಾಗಿಲ್ಲ. ಇಲಿಗೆ ಆ ಭಾಗ್ಯ ಇಲ್ಲ.

ಬೋನು ಇಡೋದು ಸುಲಭ ಅಂದ್ಕೊಂಡಿದ್ದೆ. ಹತ್ತು ಮೀಟರಿಗೊಂದು ಕಡ್ಡಿ ನೆಟ್ಟು, ಪ್ರತಿ ಕಡ್ಡಿ ಹತ್ರ ಎರಡು ಬೋನು, ಅದೂ ಸುಮ್ನೆ ನೆಲದ ಮೇಲೆ ಬಿಸಾಕೋದಲ್ಲ, ಬಿದ್ದ ಮರದ ಪಕ್ಕ, ಬೇರಿನ ಸಂದಿ, ಪೊದೆ ಬುಡ ಹೀಗೆ. ಇಲಿ ಸಾಮಾನ್ಯವಾಗಿ ಬಯಲಲ್ಲಿ ನಡೆಯಲ್ಲ, ಆದಷ್ಟೂ ಒಂದು ಪಕ್ಕೆ ಯಾವುದಕ್ಕಾದ್ರೂ ತಾಗ್ತಾ ಇರಬೇಕು ಅದಕ್ಕೆ, ಮೀಸೆ ಮುಟ್ಟಿ ಮುಟ್ಟಿ ದಾರಿ ಕಂಡ್ಕೊಳ್ಳೋದು. ಗೂಡಿನ ಡಬ್ಬ ಸ್ವಲ್ಪ ಎತ್ತರಕ್ಕೆ, ಸುರಂಗದ ಬಾಯಿ ತಗ್ಗಿಗೆ, ಮಳೆ ನೀರು ಒಳಗೆ ನಿಲ್ಲಬಾರದಲ್ಲ. ಎರಡು ದಿನ ಮುಂಚೇನೇ ಅಕ್ಕ ಬಂದು ಬಾಗಿಲು ಬೀಳದ ಹಾಗೆ ಲಾಕ್ ಮಾಡಿ ಕಾಳಿಟ್ಟು ಹೋಗಿದ್ಲು, ಅವಕ್ಕೆ ಅಭ್ಯಾಸ ಆಗ್ಲಿ ಅಂತ, ಅವನ್ನೇ ಎತ್ತಿ ಕಾರಿಗೆ ತುಂಬಿದ್ದು, ಇವತ್ತು ತೊಳೆದು ಹೊಸ ಹುಲ್ಲು ಹಾಕಿ ಲಾಕ್ ತೆಗೆದು ಸೆಟ್ ಮಾಡೋದು. ನಾನು ಮೂರು ಬೋನಿಗೆ ಲಾಕ್ ತೆಗೆಯೋದೇ ಮರೆತಿದ್ದೆ. ಮಾರನೇ ದಿನ ಆ ಮೂರಲ್ಲೂ ಓಟ್ಸ್ ಪೂರ್ತಿ ಖಾಲಿ, ಬದಲಿಗೆ ಹಿಕ್ಕೆ, ಇಲಿ ನಾಪತ್ತೆ. ಊಟ ಮಾಡಿ ಎದ್ದು ಹೋಗಿವೆ.

ಎರಡನೇ ದಿನ

ಬೆಳಗ್ಗೆ ಆರೂವರೆ, ಇನ್ನೂ ಪೂರ್ತಿ ಬೆಳಕಿಲ್ಲ, ಹುಲ್ಲೆಲ್ಲಾ ಒದ್ದೆ. ಮೊದಲನೇ ಬೋನಿನ ಬಾಗಿಲು ಬಿದ್ದಿತ್ತು. ಅಕ್ಕ ಅದನ್ನ ಒಂದು ದೊಡ್ಡ ಪ್ಲಾಸ್ಟಿಕ್ ಕವರೊಳಗೆ ಹಾಕಿ, ಸುರಂಗ ಬಿಚ್ಚಿ, ಹುಲ್ಲು ಸಮೇತ ಕವರಿಗೆ ಸುರಿದ್ಲು. ಹುಲ್ಲೊಳಗಿಂದ ಎರಡು ಕಪ್ಪು ಮಣಿ ನನ್ನನ್ನೇ ನೋಡ್ತಿತ್ತು. ವುಡ್ ಮೌಸ್. ಕಾಡಿಲಿ ಅನ್ನೋಣ. ನಮಗೆ ಗೊತ್ತಿರೋ ಮನೆ ಇಲಿಯ ಆ ಬೂದು, ಆ ಜಿಡ್ಡು ವಾಸನೆ ಯಾವುದೂ ಇಲ್ಲ, ಮೇಲೆ ಜೇನಿನ ಬಣ್ಣದ ಕಂದು, ಹೊಟ್ಟೆ ಬಿಳಿ, ಎದೆ ಮೇಲೆ ಒಂದು ಹಳದಿ ಚುಕ್ಕೆ, ಕಿವಿ ಅಂತೂ ಮುಖಕ್ಕೆ ಅಳತೆ ಮೀರಿ ದೊಡ್ಡದು, ರಾತ್ರಿ ಬದುಕೋ ಪ್ರಾಣಿ ನೋಡಿ. ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಿದ್ರೆ ಒದೀತು, ಬಿಟ್ರೆ ಕಪ್ಪೆ ಥರ ಹಾರುತ್ತೆ, ಹಿಂಗಾಲು ಅಷ್ಟುದ್ದ.

ತೂಕ ಸ್ಪ್ರಿಂಗ್ ತಕ್ಕಡೀಲಿ. ಕವರ್ ಸಮೇತ ತೂಗಿ ಆಮೇಲೆ ಕವರಿನ ತೂಕ ಕಳೆಯೋದು. 19 ಗ್ರಾಂ. ಗಂಡೋ ಹೆಣ್ಣೋ ಅಂತ ನೋಡೋದು ಹಿಂಭಾಗದಲ್ಲಿ ಎರಡು ದ್ವಾರದ ನಡುವಿನ ಅಂತರ ನೋಡಿ, ಗಂಡಿಗೆ ಜಾಸ್ತಿ, ಹೆಣ್ಣಿಗೆ ಕಮ್ಮಿ. ಆಮೇಲೆ ಚಿಕ್ಕ ಕತ್ತರೀಲಿ ತೊಡೆ ಮೇಲೆ ಒಂದು ಚೂರು ಕೂದಲು ಕತ್ತರಿಸ್ತಾಳೆ, ಮೇಲಿನ ಕಂದು ಹೋಗಿ ಒಳಗಿನ ಬೂದು ಕಾಣುತ್ತೆ, ಅದೇ ಗುರುತು. ಇಷ್ಟೆಲ್ಲಾ ಎರಡು ನಿಮಿಷದಲ್ಲಿ ಮುಗೀಬೇಕು. ಬರೆಯೋ ಕೆಲಸ ತಾತಂದು, ಅವರ ಪೆನ್ಸಿಲ್ಲು ಚೂಪು ಮಾಡೋ ಕೆಲಸ ನಂದು.

ಹದಿನೇಳನೇ ಕಡ್ಡಿ ಹತ್ರ ನನಗೆ ಹಿಡಿಯೋಕೆ ಕೊಟ್ರು. ಕವರೊಳಗೆ ನೋಡಿದ್ರೆ ಮೋಟು ಬಾಲ, ಗುಂಡು ಹೊಟ್ಟೆ. ಹಿಂದಿನ ರಾತ್ರಿ ತಾನೇ ಅಕ್ಕ ಪಾಠ ಮಾಡಿದ್ಲು, ಮೌಸ್‌ಗೆ ಉದ್ದ ಬಾಲ, ಅದರ ನೆಂಟ ವೋಲ್‌ಗೆ ಮೋಟು ಬಾಲ ಅಂತ, ನಾನು ಭಾರೀ ಜಂಬದಿಂದ "ವೋಲ್!" ಅಂತ ಕೂಗಿದೆ. ಅಕ್ಕ ನಕ್ಕು "ಬಾಲ ಬಿಟ್ಟು ಮುಖ ನೋಡೋ" ಅಂದ್ಲು. ನೋಡಿದ್ರೆ ಅದೇ ದೊಡ್ಡ ಕಣ್ಣು, ಅದೇ ಕಿವಿ. ಕಾಡಿಲೀನೇ, ಬಾಲ ಅರ್ಧಕ್ಕೆ ಕಟ್ಟಾಗಿದೆ. ಈ ಜಾತೀಲಿ ಬಾಲ ಹಿಡಿದು ಎಳೆದ್ರೆ ಬಾಲದ ಚರ್ಮ ಕಾಲುಚೀಲ ಕಳಚಿದ ಹಾಗೆ ಬಂದುಬಿಡುತ್ತೆ, ಹಿಡಿದವರ ಬಾಯಲ್ಲಿ ಬರೀ ಸಿಪ್ಪೆ, ಇಲಿ ಪರಾರಿ. ಉಳಿದ ಬೋಳು ಮೂಳೆ ಒಣಗಿ ಉದುರಿ ಹೋಗುತ್ತೆ, ಹಲ್ಲಿ ಬಾಲದ ಥರ ಮತ್ತೆ ಬೆಳೆಯಲ್ಲ. ಒಂದು ಸಲ ಮಾತ್ರ ಬಳಸೋ ಉಪಾಯ. ಗೂಬೆನೋ ಮುಂಗುಸಿ ಬಳಗದ ವೀಸೆಲ್ಲೋ ಇವಳ ಬಾಲ ತಿಂದಿದೆ. ವೀಸೆಲ್ ಮುಂಗುಸಿ ಬಳಗ ಅಲ್ಲ, ನೀರುನಾಯಿ ಬಳಗ ಅಂತ ಅಕ್ಕ ಇದನ್ನ ಓದಿದ ಮೇಲೆ ತಿದ್ದಿದ್ಲು, ಇರಲಿ, ಹಾಗೇ ಬಿಟ್ಟಿದ್ದೀನಿ. ಇವಳು ಅಂದೆ ಯಾಕಂದ್ರೆ ಹೆಣ್ಣು, ಅದೂ ತುಂಬಿದ ಬಸುರಿ. 26 ಗ್ರಾಂ. ಅಕ್ಕ ಹೊಟ್ಟೆ ಮುಟ್ಟಲೂ ಇಲ್ಲ, ತೂಕ ನೋಡಿ, ಕೂದಲು ಕತ್ತರಿಸಿ, ಬೇಗ ಬಿಟ್ಬಿಟ್ಲು. ನಾವು ಅವಳಿಗೆ ಮೋಟಿ ಅಂತ ಹೆಸರಿಟ್ವಿ.

ನಿಜವಾದ ವೋಲ್ ಸಿಕ್ಕಿದ್ದು ಆಮೇಲೆ, ಮತ್ತು ಅದು ನನ್ನ ಹೆಬ್ಬೆರಳು ಕಚ್ಚಿತು. ಬ್ಯಾಂಕ್ ವೋಲ್. ಕೆಂಗಂದು ಬೆನ್ನು, ಮೊಂಡು ಮೂತಿ, ಕಿವಿ ಕೂದಲೊಳಗೆ ಮುಚ್ಚಿಹೋಗಿದೆ, ಒಟ್ಟಲ್ಲಿ ಯಾರೋ ಇಲಿನ ಉರುಟು ಮಾಡಿ ಬಿಟ್ಟ ಹಾಗಿರುತ್ತೆ. ಕೈಗವಸು ತೂತಾಗಿತ್ತು, ರಕ್ತ ಬಂತು. ಅಕ್ಕ ತಕ್ಷಣ ಸೋಪು ನೀರಲ್ಲಿ ತೊಳೆಸಿ, ಔಷಧಿ ಹಾಕಿ, ಬೇರೆ ಕೈಗವಸು ಕೊಟ್ಲು. ಇಂಥ ಇಲಿಗಳ ಮೂತ್ರದಿಂದ ಲೆಪ್ಟೋಸ್ಪೈರೋಸಿಸ್ ಅಂಥ ರೋಗ ಬರಬಹುದು, ಆಮೇಲೆ ಜ್ವರ ಏನಾದ್ರೂ ಬಂದ್ರೆ ಡಾಕ್ಟರಿಗೆ ಇಲಿ ಕಚ್ಚಿದ್ದು ಹೇಳಬೇಕು ಅಂತ ಎರಡೆರಡು ಸಲ ಹೇಳಿದ್ಲು. ಬರಲಿಲ್ಲ.

ಕಚ್ಚಿಸ್ಕೊಂಡಿದ್ದಕ್ಕೆ ಒಂದು ಲಾಭ ಅಂದ್ರೆ ಹಲ್ಲು ಹತ್ತಿರದಿಂದ ನೋಡಿದೆ. ಮುಂದೆ ಮೇಲೆರಡು ಕೆಳಗೆರಡು, ಬಣ್ಣ ಕಿತ್ತಳೆ. ಕೊಳಕಲ್ಲ ಅದು, ಎನಾಮೆಲ್‌ನಲ್ಲಿ ಕಬ್ಬಿಣದ ಅಂಶ ಇರುತ್ತೆ. ಎನಾಮೆಲ್ ಇರೋದು ಹಲ್ಲಿನ ಮುಂಭಾಗಕ್ಕೆ ಮಾತ್ರ, ಹಿಂದೆ ಮೆತ್ತಗಿನ ಡೆಂಟಿನ್, ಕಡಿದಷ್ಟೂ ಹಿಂಭಾಗ ಬೇಗ ಸವೆದು ಮುಂಭಾಗ ಉಳಿ ಥರ ತಾನಾಗೇ ಮಸೆದುಕೊಳ್ಳುತ್ತೆ, ಸಾಯೋವರೆಗೂ ಬೆಳೀತಾನೇ ಇರುತ್ತೆ. ಬಡಗಿಗೆ ಇಂಥ ಉಳಿ ಸಿಕ್ಕಿದ್ರೆ ಸಾಣೆಕಲ್ಲು ಬಿಸಾಕ್ತಿದ್ದ. ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವೆ ದೊಡ್ಡ ಖಾಲಿ ಜಾಗ, ಆ ಸಂದಿಯಿಂದ ತುಟಿನ ಒಳಕ್ಕೆ ಎಳ್ಕೊಂಡು ಬಾಯಿ ಮುಚ್ಕೊಂಡೇ ಕಡೀಬಹುದು, ಹಲ್ಲು ಹೊರಗೆ, ಬಾಯಿ ಒಳಗೆ, ಮರದ ಪುಡಿ ಮಣ್ಣು ಗಂಟಲಿಗೆ ಹೋಗಲ್ಲ. ಭೂಮಿ ಮೇಲಿರೋ ಸಸ್ತನಿ ಜಾತಿಗಳಲ್ಲಿ ಸುಮಾರು 40 ಪರ್ಸೆಂಟ್ ದಂಶಕಗಳೇ ಅಂದ್ರೆ ಅದಕ್ಕೆ ಈ ನಾಲ್ಕು ಹಲ್ಲೇ ದೊಡ್ಡ ಕಾರಣ ಅಂತ ನನಗನ್ಸುತ್ತೆ.

ಲೆಕ್ಕ: 12 ಕಾಡಿಲಿ, 7 ಬ್ಯಾಂಕ್ ವೋಲ್, 3 ಮೂಗಿಲಿ, ಒಂದು ಬೋನಲ್ಲಿ ಬಸವನಹುಳ.

ಮೂರನೇ ದಿನ

ಬೆಳಗ್ಗೆ 15 ಕಾಡಿಲಿ ಬಿದ್ದಿದ್ವು, ಅದರಲ್ಲಿ 6ಕ್ಕೆ ನಿನ್ನೆಯ ಕೂದಲ ಗುರುತು. ತಾತ ಅಲ್ಲೇ ಮರದ ಬೊಡ್ಡೆ ಮೇಲೆ ಕೂತು ಮಕ್ಕಳಿಗೆ ಹೇಳಿಕೊಡೋ ಹಾಗೆ ನನಗೆ ಲೆಕ್ಕ ಬಿಡಿಸಿದ್ರು: ಇವತ್ತು ಸಿಕ್ಕ 15ರಲ್ಲಿ 6, ಅಂದ್ರೆ ಐದಕ್ಕೆರಡು ಗುರುತಿನವು, ಹಾಗಿದ್ರೆ ಇಡೀ ಜಾಗದಲ್ಲೂ ಐದಕ್ಕೆರಡು ಗುರುತಿನವು ಇರಬೇಕು, ಗುರುತು ಮಾಡಿದ್ದು 12, ಹಾಗಾಗಿ ಒಟ್ಟು 30. ಎಷ್ಟು ಸರಳ. ಆದ್ರೆ ಅಕ್ಕ ಒಪ್ಪಲಿಲ್ಲ, ಈ ಲೆಕ್ಕ ಸರಿ ಬರೋದು ಎಲ್ಲಾ ಇಲೀನೂ ಬೋನಿಗೆ ಬೀಳೋ ಸಾಧ್ಯತೆ ಒಂದೇ ಆಗಿದ್ರೆ ಮಾತ್ರ, ಕೆಲವು ಒಂದು ಸಲ ಬಿದ್ದ ಮೇಲೆ ಜನ್ಮದಲ್ಲಿ ಹತ್ತಿರ ಬರಲ್ಲ, ಇನ್ನು ಕೆಲವು ಪುಕ್ಕಟೆ ಊಟ ಬೆಚ್ಚನೆ ಹಾಸಿಗೆ ಅಂತ ದಿನಾ ಬಂದು ಮಲಗ್ತವೆ, ಅಂಥವು ಜಾಸ್ತಿ ಇದ್ರೆ ಲೆಕ್ಕ ಕಮ್ಮಿ ತೋರಿಸುತ್ತೆ ಅಂದ್ಲು. ಸಾಕ್ಷಿ ಬೇಕಾದ್ರೆ ಹದಿನೇಳನೇ ಕಡ್ಡಿಯ ಬೋನು ನೋಡಿ. ಮೋಟಿ. ಓಟ್ಸೆಲ್ಲಾ ಖಾಲಿ, ಕ್ಯಾರೆಟ್ಟೂ ಖಾಲಿ, 26.5 ಗ್ರಾಂ.

ಅಕ್ಕನ ಮುಖ ಸ್ವಲ್ಪ ಬಿಗಿಯಾಯ್ತು. "ಇವಳು ಇವತ್ತೋ ನಾಳೆನೋ ಹಡೀತಾಳೆ ಕಣೋ, ಬೋನಲ್ಲೇ ಹಡೆದ್ರೆ ಕಷ್ಟ, ಹಡೆದ ಮೇಲೆ ರಾತ್ರಿಯೆಲ್ಲಾ ಸಿಕ್ಕಾಕ್ಕೊಂಡ್ರೆ ಅಲ್ಲಿ ಮರಿ ತಣ್ಣಗಾಗ್ತವೆ" ಅಂದ್ಲು. ಹುಟ್ಟಿದ ಕಾಡಿಲಿ ಮರಿ ಅಂದ್ರೆ ಒಂದೆರಡು ಗ್ರಾಮಿನ ಗುಲಾಬಿ ಮಾಂಸದ ಮುದ್ದೆ, ಕೂದಲಿಲ್ಲ, ಕಣ್ಣಿಲ್ಲ, ತನ್ನ ಮೈನ ತಾನೇ ಬೆಚ್ಚಗಿಟ್ಕೊಳ್ಳೋಕೂ ಬರಲ್ಲ. ಚಳಿಯಾದ್ರೆ ನಮಗೆ ಕೇಳಿಸದಷ್ಟು ಕೀರಲು ದನೀಲಿ ಕೂಗ್ತವೆ, ತಾಯಿಗೆ ಕೇಳುತ್ತೆ. ಹಾಗಾಗಿ ಆ ಕಡ್ಡಿಯ ಎರಡೂ ಬೋನನ್ನ ಇನ್ಮೇಲೆ ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ಒಂದು ಸಲ ನೋಡಬೇಕು ಅಂತ ತೀರ್ಮಾನ ಆಯ್ತು. ಮುಚ್ಚಿಬಿಡಬಹುದಿತ್ತಲ್ಲ ಅಂದ್ರೆ, ಪಕ್ಕದ ಕಡ್ಡಿಗೆ ಹೋಗ್ತಾಳೆ ಅಷ್ಟೇ, ಅದಕ್ಕಿಂತ ಎಲ್ಲಿ ಬೀಳ್ತಾಳೆ ಅಂತ ಗೊತ್ತಿರೋದೇ ವಾಸಿ ಅಂತ ಅವಳ ವಾದ.

ಮಧ್ಯಾಹ್ನ ಡಾರ್‌ಮೌಸ್ ಪೆಟ್ಟಿಗೆ ನೋಡೋಕೆ ಹೋದ್ವಿ. ಹಕ್ಕಿ ಗೂಡಿನ ಪೆಟ್ಟಿಗೆ ಥರಾನೇ, ಆದ್ರೆ ತೂತು ಮರದ ಕಡೆಗೆ ತಿರುಗಿರುತ್ತೆ. ಇದನ್ನ ತೆರೆಯೋಕೆ ಬೇರೇನೇ ಲೈಸೆನ್ಸ್ ಬೇಕು, ಅಕ್ಕಂಗಿದೆ, ನಾನು ಕೈ ಕಟ್ಕೊಂಡು ನೋಡ್ದೆ. ಎಂಟನೇ ಪೆಟ್ಟಿಗೇಲಿ ಹನಿಸಕಲ್ ಬಳ್ಳಿಯ ತೊಗಟೆ ಎಳೆ ಎಳೆಯಾಗಿ ಸುತ್ತಿ ಮಾಡಿದ ಚೆಂಡು, ಅದರೊಳಗೆ ಒಂದು ಬಂಗಾರದ ಬಣ್ಣದ್ದು ಸುರುಳಿ ಸುತ್ಕೊಂಡು, ಕೂದಲು ತುಂಬಿದ ಬಾಲ ಮುಖದ ಮೇಲೆ ಹೊದ್ಕೊಂಡು, ಗೊರಕೆ. ಉತ್ಪ್ರೇಕ್ಷೆ ಅಲ್ಲ, ಸಣ್ಣಗೆ ಸಿಳ್ಳೆ ಥರ ಕೇಳಿಸ್ತಿತ್ತು. ಹಗಲಲ್ಲೂ ಮೈ ತಣ್ಣಗೆ ಮಾಡ್ಕೊಂಡು ಶಕ್ತಿ ಉಳಿಸೋ ಪ್ರಾಣಿ ಅದು, ಅಕ್ಟೋಬರ್ ಕಳೀತಿದ್ದ ಹಾಗೆ ನೆಲಕ್ಕಿಳಿದು ಏಪ್ರಿಲ್‌ವರೆಗೂ ಮಲಗಿಬಿಡುತ್ತೆ. ಇದರ ಬದುಕಿನ ಲೆಕ್ಕಾನೇ ಬೇರೆ: ವರ್ಷಕ್ಕೆ ಒಂದು ಸೂಲು, ತಪ್ಪಿದ್ರೆ ಎರಡು, ಆದ್ರೆ ನಾಲ್ಕೈದು ವರ್ಷ ಬದುಕಬಹುದು. ಅದೇ ತೂಕದ ಕಾಡಿಲಿಗೆ ಒಂದು ವರ್ಷ ಕಂಡ್ರೆ ಅದು ಮುದುಕಿ. ಇನ್ನೊಂದು ವಿಚಿತ್ರ, ಡಾರ್‌ಮೌಸ್‌ಗೆ ಸೀಕಮ್ ಅನ್ನೋ ಕರುಳಿನ ಚೀಲಾನೇ ಇಲ್ಲ. ವೋಲ್‌ಗೆ ಆ ಚೀಲ ದೊಡ್ಡದಾಗಿದೆ, ಅದರೊಳಗಿನ ಬ್ಯಾಕ್ಟೀರಿಯಾ ಹುಲ್ಲಿನ ನಾರನ್ನ ಕೊಳೆಸಿ ಕೊಡುತ್ತೆ, ಹಾಗಾಗಿ ವೋಲ್ ಬರೀ ಹುಲ್ಲು ತಿಂದು ಬದುಕುತ್ತೆ. ಡಾರ್‌ಮೌಸ್‌ಗೆ ಆ ಅನುಕೂಲ ಇಲ್ಲ, ಹೂವು, ಪರಾಗ, ಹುಳ, ಹಣ್ಣು, ಬೀಜ ಹೀಗೆ ಒಂದಾದ ಮೇಲೊಂದು ಸೀಸನ್ ಪೂರ್ತಿ ಸಿಗ್ತಾ ಇರಬೇಕು, ಮಧ್ಯ ಒಂದು ಕೊಂಡಿ ಕಳಚಿದ್ರೂ ಕಷ್ಟ.

ಅಲ್ಲೇ ನೆಲದಲ್ಲಿ ಹೇಜಲ್ ಬೀಜದ ಓಟೆ ಹೆಕ್ಕಿದ್ವಿ, ಇದು ನನಗೆ ತುಂಬಾ ಇಷ್ಟ ಆದ ಆಟ. ಎರಡು ಹೋಳಾಗಿ ಸೀಳಿದ್ರೆ ಅಳಿಲು. ದುಂಡಗೆ ತೂತು ಕೊರೆದು ತೂತಿನ ಒಳ ಅಂಚು ನಯವಾಗಿದ್ದು, ಓಟೆ ಮೇಲೆ ಓರೆಯಾಗಿ ಹಲ್ಲಿನ ಗೆರೆ ಇದ್ರೆ ಡಾರ್‌ಮೌಸ್. ಅಂಚಿನ ಮೇಲೆ ನಾಣ್ಯದ ಅಂಚಿನ ಥರ ಸಾಲಾಗಿ ಗೀರು ಇದ್ದು, ಓಟೆ ಮೇಲ್ಮೈನೂ ಗೀಚಿ ಹೋಗಿದ್ರೆ ಕಾಡಿಲಿ. ಅದೇ ಗೀರು, ಆದ್ರೆ ಓಟೆ ಮೇಲೆ ಏನೂ ಗುರುತಿಲ್ಲ ಅಂದ್ರೆ ಬ್ಯಾಂಕ್ ವೋಲ್, ಅದು ಮೂತಿನೇ ತೂತೊಳಗೆ ಹಾಕಿ ಕಡಿಯೋದು. ಲೆನ್ಸ್ ಹಿಡಿದು ಮೂವರೂ ಒಂದು ಗಂಟೆ ನೆಲದಲ್ಲಿ ಕೂತಿದ್ವಿ, ಬೆನ್ನು ಹಿಡ್ಕೊಂತು.

ರಾತ್ರಿ ಹತ್ತಕ್ಕೆ ಕೆಂಪು ಟಾರ್ಚ್ ಹಿಡ್ಕೊಂಡು ಹೋದ್ವಿ, ಕೆಂಪು ಬೆಳಕು ಇಲಿಗಳಿಗೆ ಅಷ್ಟಾಗಿ ಕಾಣಲ್ಲ. ಹದಿನೇಳರ ಎರಡು ಬೋನೂ ಖಾಲಿ. ವಾಪಸ್ ಬರ್ತಾ ಅಕ್ಕ ಒಂದು ಕತೆ ಹೇಳಿದ್ಲು. ಕಾಡಿಲಿ ಬಯಲಲ್ಲಿ ಮೇವು ಹುಡುಕುವಾಗ ಎಲೆ, ಕಡ್ಡಿ, ಚಿಪ್ಪು ಅಂಥದ್ದನ್ನ ಎತ್ತಿ ತಂದು ಒಂದು ಕಡೆ ಗುರುತಿಗೆ ಇಟ್ಕೊಳ್ಳುತ್ತಂತೆ, ಅದರ ಸುತ್ತ ಹುಡುಕಿ ಆಮೇಲೆ ಆ ಗುರುತನ್ನೇ ಎತ್ಕೊಂಡು ಮುಂದಿನ ಜಾಗಕ್ಕೆ. ಇದನ್ನ ತೋರಿಸಿದ ಸ್ಟಡಿ 2003ರದ್ದು, ಅದರಲ್ಲಿ ಬಿಳಿ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟಿದ್ರೆ ಅದನ್ನೇ ಹೊತ್ತು ತಿರುಗಿದ್ವಂತೆ. ಮೂತ್ರದ ವಾಸನೇಲಿ ಗುರುತು ಮಾಡಬಹುದಲ್ಲ ಅಂದೆ. ವಾಸನೆ ವೀಸೆಲ್‌ಗೂ ಗೊತ್ತಾಗುತ್ತೆ, ಎಲೆ ಗೊತ್ತಾಗಲ್ಲ.

ಇನ್ನೊಂದನ್ನ ತಾತ ಇಲ್ಲದಾಗ ಹೇಳಿದ್ಲು. ಕಾಡಿಲಿ ಹೆಣ್ಣು ಒಂದೇ ಸಲಕ್ಕೆ ಹಲವು ಗಂಡುಗಳ ಜೊತೆ ಕೂಡುತ್ತೆ, ಹಾಗಾಗಿ ಪೈಪೋಟಿ ಒಳಗೂ ಮುಂದುವರಿಯುತ್ತೆ, ಗಂಡಿನ ವೀರ್ಯಾಣುವಿನ ತಲೇಲಿ ಒಂದು ಕೊಕ್ಕೆ ಇದೆ, ಆ ಕೊಕ್ಕೇಲಿ ಒಂದಕ್ಕೊಂದು ಸಿಕ್ಕಿಸ್ಕೊಂಡು ನೂರಾರು ಸಾವಿರಾರು ವೀರ್ಯಾಣು ರೈಲಿನ ಹಾಗೆ ಸೇರಿ ಓಡ್ತವೆ, ಒಂಟಿಯಾಗಿ ಈಜೋದಕ್ಕಿಂತ ಬೇಗ. 2002ರಲ್ಲಿ ಪ್ರಕಟವಾದ ವಿಷಯ. ನಾನು ಆ ಕತ್ತಲಲ್ಲಿ ಐದು ನಿಮಿಷ ಏನೂ ಮಾತಾಡ್ಲಿಲ್ಲ.

ನಾಲ್ಕನೇ ದಿನ

ಬೆಳಗಿನ ಜಾವ ಹದಿನೇಳು ಖಾಲಿ. ಬೆಳಗ್ಗೆ ಬೇರೆ ಯಾವ ಬೋನಲ್ಲೂ ಮೋಟಿ ಇಲ್ಲ. ಅಷ್ಟೇ ಅಲ್ಲ, ಆ ಸಾಲಿನ ಆರು ಬೋನು ಪೂರ್ತಿ ಖಾಲಿ, ಕಾಳು ಮುಟ್ಟಿಲ್ಲ. ತಾತ ಕಲ್ಲಿನ ಮೇಲೆ ಬಿದ್ದಿದ್ದ ಒಂದು ಕಪ್ಪು, ತೆಳ್ಳಗೆ ತಿರುಚಿದ ಹಿಕ್ಕೆ ತೋರಿಸಿದ್ರು, ಒಳಗೆ ಕೂದಲು. ವೀಸೆಲ್. ಇಲಿ ಬಿಲದೊಳಗೇ ನುಗ್ಗೋಷ್ಟು ತೆಳು ಮೈ, ಬೇರೆ ಬೇಟೆಗಾರರಿಂದ ಬಿಲಕ್ಕೆ ಓಡಿ ತಪ್ಪಿಸ್ಕೋಬಹುದು, ಇದರಿಂದ ಆಗಲ್ಲ. ನಾನು ಏನೂ ಕೇಳ್ಲಿಲ್ಲ, ಅಕ್ಕನೂ ಏನೂ ಹೇಳ್ಲಿಲ್ಲ.

ಹತ್ತು ಗಂಟೆಗೆ ಮಳೆ. ನಿಂತ ಮೇಲೆ ಹುಲ್ಲುಗಾವಲಿಗೆ ಹೋದ್ವಿ. ಇಲ್ಲಿರೋದು ಫೀಲ್ಡ್ ವೋಲ್, ಬ್ರಿಟನ್ನಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರೋ ಸಸ್ತನಿಗಳಲ್ಲಿ ಇದೂ ಒಂದು, ಆದ್ರೆ ನಿಂತು ನೋಡಿದ್ರೆ ಒಂದೂ ಕಾಣಲ್ಲ. ಅಕ್ಕ ಮಂಡಿಯೂರಿ ಬಾಗಿದ ಹುಲ್ಲನ್ನ ಬಾಚಣಿಗೇಲಿ ಬೈತಲೆ ತೆಗೆದ ಹಾಗೆ ಎರಡು ಕಡೆ ಸರಿಸಿದ್ಲು. ಕೆಳಗೆ ಒಂದು ಊರೇ ಇತ್ತು. ಎರಡು ಬೆರಳಗಲದ ಸುರಂಗ ರಸ್ತೆ, ನೆಲ ನುಣ್ಣಗೆ ತುಳಿದು ತುಳಿದು ಹೊಳೀತಿದೆ, ಅಡ್ಡರಸ್ತೆ, ಸರ್ಕಲ್ಲು. ಒಂದು ಮೂಲೇಲಿ ಒಂದೇ ಅಳತೆಗೆ ಕತ್ತರಿಸಿ ಪೇರಿಸಿದ ಹುಲ್ಲಿನ ಕಡ್ಡಿ, ತುದಿ ಇನ್ನೂ ಹಸಿರು, ಅಂದ್ರೆ ಊಟ ಮಧ್ಯಕ್ಕೆ ಬಿಟ್ಟು ಹೋಗಿದೆ. ಇನ್ನೊಂದು ಮೂಲೆ ಪಾಯಿಖಾನೆ, ಹಸಿರು ಹಿಕ್ಕೆಯ ರಾಶಿ. ಮೂಸಿದ್ರೆ ಒಣ ಹುಲ್ಲಿನ ವಾಸನೆ ಅಷ್ಟೇ. ಇವು ಕಾಡಿಲಿ ಥರ ರಾತ್ರಿ ಪಾಳಿ ಅಲ್ಲ, ಹುಲ್ಲಲ್ಲಿ ಸತ್ವ ಕಮ್ಮಿ, ಹಾಗಾಗಿ ಹಗಲೂ ರಾತ್ರಿ ಎರಡು ಮೂರು ಗಂಟೆಗೊಂದು ಸಲ ಎದ್ದು ತಿನ್ನಲೇಬೇಕು. ಹುಲ್ಲಿನ ಸಿಲಿಕಾ ಹಲ್ಲನ್ನ ಮರಳುಕಾಗದದ ಥರ ತೇಯುತ್ತೆ, ಹಾಗಾಗಿ ಫೀಲ್ಡ್ ವೋಲ್‌ಗೆ ದವಡೆ ಹಲ್ಲೂ ಬೆಳೀತಾನೇ ಇರುತ್ತೆ. ಬ್ಯಾಂಕ್ ವೋಲ್‌ಗೆ ವಯಸ್ಸಾದ್ರೆ ದವಡೆ ಹಲ್ಲಿಗೆ ಬೇರು ಬರುತ್ತೆ, ಸತ್ತಿದ್ದು ಸಿಕ್ಕಿದ್ರೆ ಆ ಬೇರಿನ ಉದ್ದ ನೋಡಿ ವಯಸ್ಸು ಹೇಳ್ತಾರೆ.

ವೋಲ್‌ಗಳ ಸಂತಾನ ಲೆಕ್ಕ ಕೇಳಿದ್ರೆ ತಲೆ ತಿರುಗುತ್ತೆ. ಮೂರು ವಾರದ ಗರ್ಭ, ನಾಲ್ಕೈದು ಮರಿ, ಹಡೆದ ಕೂಡಲೇ ಮತ್ತೆ ಗಂಡಿನ ಜೊತೆ ಸೇರಿ ಹಾಲು ಕುಡಿಸ್ತಾನೇ ಮುಂದಿನ ಬಸುರು, ಆ ಮರಿಗಳಲ್ಲಿ ಹೆಣ್ಣು ನಾಲ್ಕೈದು ವಾರಕ್ಕೆ ತಾನೂ ತಯಾರು. ಅಂಡ ಬಿಡೋದಕ್ಕೂ ತಿಂಗಳ ಲೆಕ್ಕ ಇಲ್ಲ, ಗಂಡು ಕೂಡಿದ ಮೇಲೇ ಬಿಡುಗಡೆ, ಸುಮ್ನೆ ಒಂದು ದಿನಾನೂ ವ್ಯರ್ಥ ಇಲ್ಲ. ಹಾಗಾದ್ರೆ ಭೂಮಿ ಪೂರ್ತಿ ವೋಲೇ ಇರಬೇಕಿತ್ತಲ್ಲ ಅಂದ್ರೆ ತಾತ ಜೇಬಿಂದ ಒಂದು ಪೊಟ್ಟಣ ತೆಗೆದ್ರು, ಬಾರ್ನ್ ಗೂಬೆ ಕಾರಿದ ಉಂಡೆ. ಟವಲ್ ಮೇಲೆ ಬಿಡಿಸಿದ್ವಿ. ಬೂದು ಕೂದಲ ಮಧ್ಯ ನಾಲ್ಕು ತಲೆಬುರುಡೆ, ಮೂರು ಫೀಲ್ಡ್ ವೋಲ್ ಅಂತ ದವಡೆ ಹಲ್ಲಿನ ಅಂಕುಡೊಂಕು ತ್ರಿಕೋನ ನೋಡಿ ಹೇಳಿದ್ರು, ಒಂದು ಮೂಗಿಲಿ, ಅದರ ಹಲ್ಲಿನ ತುದಿ ಕೆಂಪು. ಒಂದೇ ಉಂಡೆ ಅದು.

ಉತ್ತರದ ಕಡೆ ಈ ವೋಲ್ ಸಂಖ್ಯೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಉಕ್ಕುತ್ತೆ, ಆಮೇಲೆ ಕುಸಿಯುತ್ತೆ. ಚಾರ್ಲ್ಸ್ ಎಲ್ಟನ್ ಅನ್ನೋ ಪ್ರಾಣಿಶಾಸ್ತ್ರಜ್ಞ 1924ರಲ್ಲೇ ಇಂಥ ಏರಿಳಿತದ ಬಗ್ಗೆ ಬರೆದು, 1932ರಲ್ಲಿ ಆಕ್ಸ್‌ಫರ್ಡಲ್ಲಿ ಇದಕ್ಕೇ ಒಂದು ಸಂಸ್ಥೆ ಶುರು ಮಾಡಿದ್ರು, ನಮ್ಮ ಬೋನು ಮಾಡಿದ ಚಿಟ್ಟಿ ಅಲ್ಲಿಯವರೇ. ನೂರು ವರ್ಷ ಆಯ್ತು, ಯಾಕೆ ಕುಸಿಯುತ್ತೆ ಅಂತ ಇನ್ನೂ ಜಗಳ. ವೀಸೆಲ್ ಅಂತ ಒಬ್ಬರು, ರೋಗ ಅಂತ ಇನ್ನೊಬ್ಬರು, ವೋಲ್ ಜಾಸ್ತಿ ಮೇಯ್ದಷ್ಟೂ ಹುಲ್ಲು ತನ್ನೊಳಗೆ ಸಿಲಿಕಾ ಹೆಚ್ಚಿಸ್ಕೊಂಡು ಒರಟಾಗುತ್ತೆ, ಅದೇ ಕಾರಣ ಅಂತ ಮತ್ತೊಬ್ಬರು. ತಾತಂಗೆ ಹುಲ್ಲಿನ ಪಕ್ಷ, ಅಕ್ಕಂಗೆ ವೀಸೆಲ್ ಪಕ್ಷ, ಇಬ್ಬರೂ ಕಾರಿನವರೆಗೂ ವಾದ ಮಾಡ್ಕೊಂಡು ಬಂದ್ರು.

ಕಾರಿನ ಹತ್ರ ಬೇಲಿ ಪಕ್ಕದ ಎತ್ತರದ ಹುಲ್ಲಲ್ಲಿ ನನಗೊಂದು ಸಿಕ್ತು, ಐದು ದಿನದಲ್ಲಿ ನಾನಾಗೇ ಕಂಡುಹಿಡಿದಿದ್ದು ಅದೊಂದೇ. ನೆಲದಿಂದ ಮೊಣಕಾಲೆತ್ತರದಲ್ಲಿ ಹುಲ್ಲಿನ ಚೆಂಡು. ಹಾರ್ವೆಸ್ಟ್ ಮೌಸ್ ಗೂಡು. ಎಲೆಗಳನ್ನ ಗಿಡದಿಂದ ಕೀಳದೇ, ಅಲ್ಲೇ ಹಲ್ಲಿಂದ ಉದ್ದಕ್ಕೆ ಸೀಳಿ ನೇಯ್ದಿರೋದು, ಹಾಗಾಗಿ ಗೂಡು ಹಸಿರಾಗೇ ಇದ್ದು ಕಣ್ಣಿಗೆ ಬೀಳಲ್ಲ. ಖಾಲಿ ಇತ್ತು. ಆ ಇಲಿ ಐದಾರು ಗ್ರಾಂ ಅಷ್ಟೇ, ಬಾಲನ ಕಡ್ಡಿಗೆ ಸುತ್ತಿ ಐದನೇ ಕೈ ಥರ ಬಳಸುತ್ತೆ. ಸೆಲ್ಬೋರ್ನ್‌ನ ಗಿಲ್ಬರ್ಟ್ ವೈಟ್ ಅನ್ನೋ ಪಾದ್ರಿ 1767ರ ಸುಮಾರಿಗೆ ಇದನ್ನ ಮೊದಲ ಸಲ ವಿವರಿಸಿದ್ದು, ತಕ್ಕಡೀಲಿ ಎರಡು ಇಲಿ ಇಟ್ರೆ ಒಂದು ತಾಮ್ರದ ಅರ್ಧ ಪೆನ್ನಿ ತೂಗಿದ್ವಂತೆ.

ರಾತ್ರಿ ಹತ್ತಕ್ಕೆ ಹದಿನೇಳು ಖಾಲಿ.

ಐದನೇ ದಿನ

ನಾಲ್ಕೂವರೆಗೆ ಅಕ್ಕ ಎಬ್ಬಿಸಿದ್ಲು. ಕೊನೇ ದಿನ, ಎಲ್ಲಾ ಬೋನು ಎತ್ತಬೇಕು, ನನಗೆ ಏಳೋಕೇ ಮನಸ್ಸಿರ್ಲಿಲ್ಲ. ದಾರೀಲಿ ನಿನ್ನೆಯಿಂದ ತಲೇಲಿದ್ದ ಪ್ರಶ್ನೆ ಕೇಳ್ದೆ, ಈ ಸೆಪ್ಟೆಂಬರ್ ಕೊನೇಲಿ ಹಡೆದು ಏನು ಪ್ರಯೋಜನ, ಚಳಿಗಾಲ ಬಂತಲ್ಲ. "ಅದೇ ಮುಖ್ಯವಾದ ಮರಿ ಕಣೋ" ಅಂದ್ಲು. ವಸಂತದಲ್ಲಿ ಹುಟ್ಟಿದವು ಎರಡು ತಿಂಗಳಿಗೇ ದೊಡ್ಡವಾಗಿ, ಬೇಸಿಗೇಲಿ ಹಡೆದು ಹಡೆದು, ಹೆಚ್ಚಿನವು ಚಳಿಗೆ ಮುಂಚೇನೇ ಮುಗಿದಿರ್ತವೆ. ಈಗ ಹುಟ್ಟೋವು ಹಾಗಲ್ಲ, ಹಗಲು ಚಿಕ್ಕದಾಗ್ತಿದ್ದ ಹಾಗೆ ಬೆಳವಣಿಗೆ ತಡ್ಕೊಂಡು, ಹಡೆಯೋ ಯೋಚನೆ ಮುಂದಕ್ಕೆ ಹಾಕಿ, ಓಕ್ ಕಾಯಿ ಬಚ್ಚಿಟ್ಕೊಂಡು, ತೀರಾ ಚಳಿಯಾದ್ರೆ ಮೈ ತಣ್ಣಗೆ ಮಾಡ್ಕೊಂಡು ಕೆಲವು ಗಂಟೆ ಮರಗಟ್ಟಿ ಮಲಗಿ, ಹೇಗೋ ಮಾರ್ಚ್ ಮುಟ್ಟಬೇಕು. ಓಕ್ ಕಾಯಿ ಚೆನ್ನಾಗಿ ಬಿದ್ದ ವರ್ಷ ಜಾಸ್ತಿ ಉಳೀತವೆ, ಇಲ್ಲಾಂದ್ರೆ ಇಲ್ಲ. ಏಪ್ರಿಲಲ್ಲಿ ಇಲ್ಲಿ ಬೋನಿಟ್ರೆ ಇವತ್ತಿನ ಕಾಲು ಭಾಗ ಸಿಕ್ಕಿದ್ರೆ ಹೆಚ್ಚು, ಮುಂದಿನ ವರ್ಷದ್ದೆಲ್ಲಾ ಅವುಗಳ ಹೊಟ್ಟೆಯಿಂದಲೇ ಬರಬೇಕು.

ಹದಿನೇಳನೇ ಕಡ್ಡಿಯ ಒಂದು ಬೋನಿನ ಬಾಗಿಲು ಬಿದ್ದಿತ್ತು. ಅಕ್ಕ ಅಲುಗಾಡಿಸದೆ ಕವರಿಗೆ ಸುರಿದ್ಲು. ಓಟ್ಸ್ ಹೆಚ್ಚುಕಮ್ಮಿ ಹಾಗೇ ಇತ್ತು, ಅಂದ್ರೆ ಈಗಷ್ಟೇ ಬಂದಿದ್ದು. ಹುಲ್ಲಿಂದ ಮೋಟು ಬಾಲ ಈಚೆ ಬಂತು.

ನಾನು ಟಾರ್ಚ್ ಹಿಡಿದೆ. ತಕ್ಕಡೀಲಿ 20 ಗ್ರಾಂ. ಅಕ್ಕ ಒಂದು ಕ್ಷಣ ಮಾತ್ರ ಎತ್ತಿ ತಿರುಗಿಸಿ ತೋರಿಸಿದ್ಲು, ಹೊಟ್ಟೆ ಜೋಲಾಗಿದೆ, ಬಿಳಿ ಕೂದಲ ಮಧ್ಯೆ ಮೊಲೆತೊಟ್ಟು ಗುಲಾಬಿಯಾಗಿ ಎದ್ದು ನಿಂತಿದೆ, ಸುತ್ತ ಕೂದಲು ಒದ್ದೆಯಾಗಿ ಅಂಟಿಕೊಂಡಿದೆ. ಆರೂವರೆ ಗ್ರಾಂ ಎಲ್ಲೋ ಮಣ್ಣೊಳಗೆ ಮಲಗಿದೆ ಅಂತಾಯ್ತು. "ನೆಲಕ್ಕಿಡು, ಬೇಗ" ಅಂದ್ಲು. ಓಕ್ ಬೇರಿನ ಹತ್ರ ಕವರಿನ ಬಾಯಿ ಬಿಚ್ಚಿದೆ. ಓಡಿ ಹೋಗ್ತಾಳೆ ಅಂದ್ಕೊಂಡ್ರೆ ಹೋಗ್ಲಿಲ್ಲ, ಅಲ್ಲೇ ನಿಂತು, ಮುಂಗಾಲಿಂದ ಮೀಸೆ ಎರಡು ಸಲ ಒರೆಸ್ಕೊಂಡು, ನನ್ನ ಬೂಟಿನ ಪಕ್ಕ ಚೆಲ್ಲಿದ್ದ ಓಟ್ಸ್ ಒಂದು ಕಾಳು ಬಾಯಿಗೆ ಹಾಕ್ಕೊಂಡು, ಆಮೇಲೆ ಬೇರಿನಡಿ ನುಗ್ಗಿದ್ಲು.

ತಾತ ಇನ್ನೂ ಬಂದಿರ್ಲಿಲ್ಲ, ಶೀಟಲ್ಲಿ ನಾನೇ ಬರೆದೆ. ಅಕ್ಕ ಬೋನಿನ ಲಾಕ್ ಹಾಕಿ, ಉಳಿದ ಓಟ್ಸೆಲ್ಲಾ ಬೇರಿನ ಸಂದೀಲಿ ಸುರಿದು, ಹದಿನೆಂಟಕ್ಕೆ ನಡೆದ್ಲು.